ವಾಷಿಂಗ್ಟನ್ ಸಾಹೇಬರ ಸಹಿಗೆ ಅರಿಶಿನ-ಕುಂಕುಮ

ಪದ್ಮಿನಮ್ಮನವರ ಕಣ್ಣಿನ ವಿಚಾರ ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಧುಗಿರಿಯ ಉಪಖಜಾನೆಯಲ್ಲಿ ಮೂವತ್ತನಾಲ್ಕು ವರ್ಷ ಬಿಲ್ಲು ಪಾಸು ಮಾಡಿದ ಕಣ್ಣು ಅದು. ತಾಲ್ಲೂಕಿನ ಅಷ್ಟೂ ಹೆಡ್‌ಮಾಸ್ತರರ, ಡಾಕ್ಟರುಗಳ, ಅಮಲ್ದಾರರ ಮಾದರಿ ಸಹಿಗಳು ಆ ಕಣ್ಣಿನೊಳಗೆ ಅಚ್ಚೊತ್ತಿ ಕೂತಿದ್ದವು. ಒಮ್ಮೆ ಹೆಡ್‌ಮಾಸ್ತರರೊಬ್ಬರಿಗೆ ಜ್ವರ ಬಂದಿದೆ ಎಂಬುದನ್ನು ಅವರ ಸಹಿಯ ಬಾಲ ನೋಡಿಯೇ ಕಂಡುಹಿಡಿದು, ಪಾಸಾದ ಬಿಲ್ಲಿನ ಜೊತೆ ಕಷಾಯದ ಪುಡಿಯನ್ನೂ ಕಳಿಸಿದ್ದರು. ಕಳ್ಳಸಹಿ ಹಾಕಿಕೊಂಡು ಬಂದವರು ಅವರ ಕೌಂಟರಿನ ಮುಂದೆ ನಿಂತು ಸುರಿಸಿದ ಬೆವರನ್ನು ಕೂಡಿಟ್ಟಿದ್ದರೆ ಮಧುಗಿರಿಗೆ ಎರಡು ಬೇಸಿಗೆ ಕುಡಿಯುವ ನೀರಿನ ತಾಪತ್ರಯವೇ ಇರುತ್ತಿರಲಿಲ್ಲ.

ಇಂಥ ಕಣ್ಣು ಈ ಬೇಸಿಗೆಯಲ್ಲಿ ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಊರಿನ ಮೂರನೇ ಮಹಡಿಯ ಫ್ಲಾಟಿನಲ್ಲಿ ಕೊತ್ತಂಬರಿ ಸೊಪ್ಪು ಸೋಸುತ್ತ ಕೂತಿತ್ತು. ಮಗ ಸಂದೀಪ ಬೆಳಿಗ್ಗೆ ಎಂಟಕ್ಕೆ ಸಾಫ್ಟ್‌ವೇರ್ ಕೆಲಸಕ್ಕೆ ಹೋಗುತ್ತಿದ್ದ. ಸೊಸೆ ಲಾವಣ್ಯಾ ಏಳಕ್ಕೇ ಡಾಗಿಸ್‌ಗೆ, ಅಂದರೆ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಶಾಲೆಗೆ, ಹೊರಡುತ್ತಿದ್ದಳು. ಮೊಮ್ಮಗಳು ಪಾವನಾಗೆ ಹದಿನೆಂಟು ತುಂಬಿತ್ತು. ಕಾಲೇಜಿಗೆ ರಜೆ, ಹನ್ನೊಂದಕ್ಕೆ ಮೊದಲು ಅವಳನ್ನು ಎಬ್ಬಿಸಲು ಊರ ದೇವತೆ ಖುದ್ದಾಗಿ ಬಂದರೂ ಆಗುತ್ತಿರಲಿಲ್ಲ. ಪದ್ಮಿನಮ್ಮನವರ ವೀಸಾ ಮೂರೇ ತಿಂಗಳು. ಸೆಪ್ಟೆಂಬರ್ ಎಂಟಕ್ಕೆ ವಾಪಸು ವಿಮಾನ.

ಜಗಳ ಶುರುವಾದದ್ದು ಒಂದು ರಟ್ಟಿನ ಪೆಟ್ಟಿಗೆಯಿಂದ.

ಲಾವಣ್ಯಾಗೆ ಹಳೆಯ ಸಾಮಾನಿನ ಹುಚ್ಚು. ಶನಿವಾರ ಬಂತೆಂದರೆ ಸತ್ತವರ ಮನೆಯ ಹರಾಜಿಗೆ ಹೋಗಿ, ಬಾಯಿ ಒಡೆದ ಕಪ್ಪು, ಬಾಲ ಮುರಿದ ಪಿಂಗಾಣಿ ಹಕ್ಕಿ ತಂದು, ಉಜ್ಜಿ ಹೊಳೆಯಿಸಿ ಇಂಟರ್‌ನೆಟ್ಟಿನಲ್ಲಿ ಮಾರುತ್ತಿದ್ದಳು. ಜುಲೈ ಎರಡನೇ ಶನಿವಾರ ಹೊಳೆಯಾಚೆಯ ಹಳೇ ಒಕ್ಕಲುಮನೆಯೊಂದರ ಹರಾಜಿನಿಂದ ಈ ಪೆಟ್ಟಿಗೆ ತಂದಳು. ಆ ಮನೆಯ ಮುದುಕಿಯ ಮುತ್ತಜ್ಜ ನೂರೈವತ್ತು ವರ್ಷದ ಹಿಂದೆ ಅಮೆರಿಕಕ್ಕೆ ಹೋಗಿ ವಾಪಸು ಬಂದವನು. ಆ ಸೀಮೆಯ ಅರ್ಧ ಜನ ಆಗ ಅಮೆರಿಕಕ್ಕೆ ಹೋಗಿದ್ದರು. ಉಳಿದರ್ಧ ಹೋದವರ ಪೆಟ್ಟಿಗೆ ಕಾಯುತ್ತ ಕೂತಿದ್ದರು.

ರಾತ್ರಿಯೂಟಕ್ಕೆ ಮುದ್ದೆ, ಬಸ್ಸಾರು. ಸಂದೀಪ ಮುದ್ದೆಗೆ ಕೈಯಿಟ್ಟವನು ಕೇಳಿದ.

“ಎಷ್ಟು ಕೊಟ್ಟೆ ಅದಕ್ಕೆ?”

“ಒಂಬತ್ತು.”

“ಒಂಬತ್ತು ಕ್ರೋನಾ? ಪರವಾಗಿಲ್ಲ ಬಿಡು.”

“ಒಂಬತ್ತು ಸಾವಿರ.”

ಮುದ್ದೆ ಗಂಟಲಲ್ಲೇ ನಿಂತಿತು. ಪದ್ಮಿನಮ್ಮ ನೀರಿನ ಲೋಟ ಮುಂದಕ್ಕೆ ತಳ್ಳಿದರು.

“ಯಾವ ದುಡ್ಡು ಅದು?” ಎಂದ ಸಂದೀಪ, ಉಸಿರು ಬಂದ ಮೇಲೆ.

ಲಾವಣ್ಯಾ ಮಗಳ ಕಡೆ ನೋಡಲಿಲ್ಲ. ನೋಡದಿದ್ದುದರಿಂದಲೇ ಮಗಳಿಗೆ ಗೊತ್ತಾಯಿತು.

“ಮಮ್ಮಾ! ನನ್ನ ಶೋರ್‌ಕೋರ್ಟ್ ದುಡ್ಡಾ?”

ಶೋರ್‌ಕೋರ್ಟ್ ಎಂದರೆ ಡ್ರೈವಿಂಗ್ ಲೈಸೆನ್ಸು. ಆ ದೇಶದಲ್ಲಿ ಅದನ್ನು ಸಂಪಾದಿಸುವ ಖರ್ಚಿನಲ್ಲಿ ಮಧುಗಿರಿಯಲ್ಲಿ ಒಂದು ಮದುವೆ ಮಾಡಿ, ಮಿಕ್ಕ ದುಡ್ಡಿನಲ್ಲಿ ಬೀಗರಿಗೆ ರೇಷ್ಮೆ ಪಂಚೆ ಕೊಡಬಹುದು. ಪಾವನಾಗೆಂದು ಎರಡು ವರ್ಷದಿಂದ ಕೂಡಿಟ್ಟ ಹಣ ಅದು.

“ಎರಡರಷ್ಟು ಮಾಡಿ ವಾಪಸ್ ಇಡ್ತೀನಿ ಪುಟ್ಟಾ. ನಂಗೆ ಆ ಪೆಟ್ಟಿಗೆ ಮೇಲೆ ಏನೋ ಒಂದು ನಂಬಿಕೆ.”

“ಹಕ್ಕಿ ಮೇಲೂ ಇತ್ತು ನಂಬಿಕೆ,” ಎಂದ ಸಂದೀಪ. “ಅದಿನ್ನೂ ಬಾತ್‌ರೂಮ್ ಕಿಟಕೀಲಿ ಕೂತಿದೆ.”

“ಯಾರು ಕೊಳ್ತಾರಮ್ಮ ಬಾಲ ಇಲ್ಲದ ಹಕ್ಕಿನ,” ಎಂದು ಪದ್ಮಿನಮ್ಮ ಮೆಲ್ಲಗೆ ಸೇರಿಸಿದರು. ಸೇರಿಸಬಾರದಿತ್ತು. ಲಾವಣ್ಯಾ ತಟ್ಟೆ ಎತ್ತಿಕೊಂಡು ಎದ್ದಳು.

ಪೆಟ್ಟಿಗೆಯಲ್ಲಿದ್ದುದು ಇಪ್ಪತ್ತಮೂರು ಕಾಗದ. ಅಮೆರಿಕದವರು ಇಂಗ್ಲಿಷರ ಮೇಲೆ ಯುದ್ಧ ಮಾಡುತ್ತಿದ್ದ ಕಾಲದವು, ಇನ್ನೂರ ನಲವತ್ತು ವರ್ಷ ಹಳೆಯವು. ಇಂಥ ಸೈನಿಕನಿಗೆ ಇಷ್ಟು ಸಂಬಳ ಕೊಡುವುದು ಎಂದು ಕನೆಕ್ಟಿಕಟ್ ರಾಜ್ಯದ ಖಜಾಂಚಿಗೆ ಬರೆದ ಪಾವತಿ ಆದೇಶಗಳು. ಊರಿನ ನಾಣ್ಯ, ಅಂಚೆಚೀಟಿ ವ್ಯಾಪಾರಿ ರೋಲ್ಫ್ ಕನ್ನಡಕ ಏರಿಸಿ ಒಂದೊಂದನ್ನೇ ನೋಡಿ ಎರಡು ಗುಡ್ಡೆ ಮಾಡಿದ. ಒಂದು ಗುಡ್ಡೆಯಲ್ಲಿ ಇಪ್ಪತ್ತೆರಡು: ಎಲ್ಲದಕ್ಕೂ ನಡುವೆ ತೂತು, ಕೆಲವಕ್ಕೆ ಚಾಕುವಿನ ಸೀಳು. ಇನ್ನೊಂದು ಗುಡ್ಡೆಯಲ್ಲಿ ಒಂದೇ ಒಂದು, ನೆನ್ನೆ ಮಡಚಿಟ್ಟ ಪಂಚೆಯ ಹಾಗೆ ಚೊಕ್ಕವಾದದ್ದು. ಕೆಳಗೆ ಜಾರ್ಜ್ ವಾಷಿಂಗ್ಟನ್ ಎಂದು ಸಹಿ.

“ತೂತು ಬಿದ್ದವು ಹಾಳು. ತಲಾ ಐವತ್ತು ಕ್ರೋನಾ ಕೊಟ್ಟು ನಾನೇ ಒಯ್ತೀನಿ,” ಎಂದ ರೋಲ್ಫ್. “ಇದನ್ನ ಮಾತ್ರ ಉಪ್ಸಾಲಾದ ತಜ್ಞೆಗೆ ತೋರಿಸಬೇಕು. ನಿಜವೇ ಆಗಿದ್ರೆ ಎರಡು ಲಕ್ಷಕ್ಕೆ ಮೋಸವಿಲ್ಲ.”

ಎರಡು ಲಕ್ಷ! ಅಂದಿನಿಂದ ಮನೆಯ ಹವೆಯೇ ಬದಲಾಯಿತು. ಸಂದೀಪ ಹೆಂಡತಿಗೆ ತಾನೇ ಕಾಫಿ ಮಾಡಿಕೊಟ್ಟ. ಊರಿನ ಹತ್ತು ಕನ್ನಡ ಮನೆಗಳಿಗೂ ಸುದ್ದಿ ಹೋಯಿತು, ಕನ್ನಡ ಬಳಗದ ಹಿರಿಯರಾದ ರಾಮಮೂರ್ತಿಯವರು ಫೋನು ಮಾಡಿ, “ಏನಪ್ಪಾ, ವೈಟ್ ಹೌಸ್ ಕೊಳ್ತೀಯಂತೆ?” ಎಂದರು. ಪಾವನಾ ಕಾರಿನ ಬಣ್ಣವನ್ನೂ ಆರಿಸಿಟ್ಟಳು. ಒಂದೇ ತೊಡಕು: ಉಪ್ಸಾಲಾದ ತಜ್ಞೆ ರಜೆಯಲ್ಲಿದ್ದಳು. ಜುಲೈ ತಿಂಗಳಲ್ಲಿ ಸ್ವೀಡನ್ನಿಗೆ ಸ್ವೀಡನ್ನೇ ರಜೆ. ಯಮಧರ್ಮನೇ ಬಂದರೂ ಆಗಸ್ಟ್ ಕೊನೆಗೆ ಬನ್ನಿ ಎಂಬ ಮಿಂಚಂಚೆಯೇ ಅವನಿಗೆ ಸಿಗುವುದು. ಆಗಸ್ಟ್ ಇಪ್ಪತ್ತಾರಕ್ಕೆ ಸಮಯ ಸಿಕ್ಕಿತು.

ನಡುವೆ ವರಮಹಾಲಕ್ಷ್ಮಿ ಹಬ್ಬ ಬಂತು.

ಆ ಶುಕ್ರವಾರ ಲಾವಣ್ಯಾ ರಜೆ ಹಾಕಿದ್ದಳು. ಆದರೂ ಕಟ್ಟಡದ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳ ಸರದಿ ಬೆಳಿಗ್ಗೆ ಏಳರಿಂದ ಹತ್ತು. ಸರದಿ ತಪ್ಪಿದರೆ ಇನ್ನೆರಡು ವಾರ ಮೈಲಿಗೆ ಬಟ್ಟೆಯೇ ಗತಿ. “ಅತ್ತೆ, ನೀವು ಕಳಶ ಇಟ್ಟಿರಿ, ಬಂದ್ಬಿಡ್ತೀನಿ,” ಎಂದು ಬುಟ್ಟಿ ಹೊತ್ತು ಇಳಿದಳು.

ಪದ್ಮಿನಮ್ಮ ಒಬ್ಬಟ್ಟು ತಟ್ಟಿದರು. ಕಳಶಕ್ಕೆ ಸೀರೆ ಉಡಿಸಿದರು. ಆ ನೆರಿಗೆ ನೋಡಿ ಲಕ್ಷ್ಮಿಯೇ ಇನ್ನು ವೈಕುಂಠಕ್ಕೆ ಹೋಗುವುದಿಲ್ಲ ಎನ್ನಬೇಕು, ಹಾಗೆ. ಲಕ್ಷ್ಮಿಯ ಮುಂದೆ ದುಡ್ಡು, ಒಡವೆ ಇಟ್ಟರು. ಮನೆಗೆ ಬಂದ ದೊಡ್ಡ ಲಕ್ಷ್ಮಿ ಯಾವುದು? ಕಪಾಟಿನಿಂದ ವಾಷಿಂಗ್ಟನ್ ಸಾಹೇಬರ ಕಾಗದ ತೆಗೆದು ಬೆಳ್ಳಿ ತಟ್ಟೆಯಲ್ಲಿಟ್ಟರು. ಖಜಾನೆಯಲ್ಲಿ ಆಯುಧಪೂಜೆಯ ದಿನ ತಿಜೋರಿಗೆ, ಲೆಡ್ಜರಿಗೆ, ತಕ್ಕಡಿಗೆ ಮಾಡುತ್ತಿದ್ದ ಹಾಗೆಯೇ, ಒದ್ದೆ ಬೆರಳಲ್ಲಿ ನಾಲ್ಕು ಮೂಲೆಗೂ ಅರಿಶಿನ, ಮೇಲೆ ಕುಂಕುಮ. ಸಹಿಯ ನೆತ್ತಿಗೂ ಒಂದು ಬೊಟ್ಟು. ದೊಡ್ಡ ಮನುಷ್ಯ, ಬರೀ ಹಣೆಯಲ್ಲಿರಬಾರದು.

ಲಾವಣ್ಯಾ ಬಂದವಳು ಬುಟ್ಟಿಯನ್ನು ಇಳಿಸಲಿಲ್ಲ, ಬೀಳಿಸಿದಳು. ಅವಳ ಕೂಗಿಗೆ ಪಾವನಾ ಹನ್ನೊಂದಕ್ಕೆ ಮೊದಲೇ ಎದ್ದು ಬಂದಳು.

“ಅತ್ತೆ! ಏನ್ ಮಾಡಿದ್ರಿ ಇದು!”

“ಪೂಜೆ ಕಣಮ್ಮ.”

“ಎರಡು ಲಕ್ಷದ ಕಾಗದ! ಒದ್ದೆ ಅರಿಶಿನ! ಅದು ಹೋಗುತ್ತಾ? ಈ ಜನ್ಮದಲ್ಲಿ ಹೋಗುತ್ತಾ?”

“ಸಾಮಾನು ಮನೆಗೆ ಬಂದ್ರೆ ಅರಿಶಿನ-ಕುಂಕುಮ ಇಡಲ್ವಾ? ನಿಮ್ಮ ಕಾರಿಗೂ ಇಟ್ಟಿದ್ದೆ.”

“ಕಾರನ್ನ ತೊಳೀಬಹುದು!”

ಪಾವನಾ ಕಾಗದ ನೋಡಿದಳು, ಅಜ್ಜಿಯನ್ನು ನೋಡಿದಳು. “ಮೆನ್ ಅಜ್ಜೀ…” ಎಂದಳು. “ಮೆನ್” ಎಂದರೆ “ಆದರೆ” ಎಂದರ್ಥ. ಆ “ಆದರೆ”ಯನ್ನು ಅಲ್ಲೇ ಬಿಟ್ಟು ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆ ಬಂದ ಸಂದೀಪ ಹತ್ತಿ, ಬ್ರೆಡ್ಡಿನ ತುಂಡು, ರಬ್ಬರು ಎಲ್ಲ ಪ್ರಯೋಗಿಸಿದ. ಕುಂಕುಮ ಹರಡಿತು. ಒಬ್ಬಟ್ಟು ಯಾರೂ ಮುಟ್ಟಲಿಲ್ಲ. ಆ ಒಬ್ಬಟ್ಟಿನ ಘಮಕ್ಕೆ ಕೆಳಗಿನ ಮನೆಯ ನಾಯಿ ಮೂರು ದಿನ ಬಾಗಿಲಲ್ಲಿ ಉಪವಾಸ ಕೂತಿತ್ತು.

ಅಂದಿನಿಂದ ಲಾವಣ್ಯಾ ಅತ್ತೆಯೊಡನೆ ನೇರವಾಗಿ ಮಾತು ಬಿಟ್ಟಳು.

“ಪಾವನಾ, ಅಜ್ಜಿಗೆ ಕೇಳು, ಅನ್ನ ಬೇಕಾ ಅಂತ.”

“ಪಾವನಾ, ನಿಮ್ಮಮ್ಮಂಗೆ ಹೇಳು, ನಂಗೆ ಹೊಟ್ಟೆ ತುಂಬಿದೆ ಅಂತ.”

“ನಾನೇನು ಪೋಸ್ಟಾಫೀಸಾ?” ಎಂದು ಪಾವನಾ ಗಟ್ಟಿ ರೊಟ್ಟಿಯ ಮೇಲೆ ಚಟ್ನಿಪುಡಿ ಸುರಿದುಕೊಂಡು ಎದ್ದು ಹೋಗುತ್ತಿದ್ದಳು.

ಹೊಟ್ಟೆ ತುಂಬಿರಲಿಲ್ಲ. ಮೂವತ್ತನಾಲ್ಕು ವರ್ಷ ಸರ್ಕಾರದ ಒಂದು ಕಾಗದಕ್ಕೂ ಕಲೆ ತಗಲಿಸದ ಹೆಂಗಸು ತಾನು. ಈಗ ಮಗನ ಮನೆ ಹಾಳು ಮಾಡಿದವಳು ಎಂಬ ಹೆಸರು ಹೊತ್ತು ವಿಮಾನ ಹತ್ತಬೇಕೆ? ಮಧುಗಿರಿಗೆ ಈ ಸುದ್ದಿ ತನಗಿಂತ ಮೊದಲೇ ತಲುಪಿರುತ್ತದೆ. ಪದ್ಮಿನಮ್ಮ ಸೆಪ್ಟೆಂಬರ್ ಎಂಟಕ್ಕೆ ಇನ್ನೆಷ್ಟು ದಿನವಿದೆ ಎಂದು ಕ್ಯಾಲೆಂಡರಿನಲ್ಲಿ ಎಣಿಸಿದರು.

ಹಬ್ಬವಾದ ಮೇಲಿನ ಎರಡನೇ ಮಂಗಳವಾರ ಬೆಳಿಗ್ಗೆ ಮನೆಯಲ್ಲಿ ಯಾರೂ ಎಚ್ಚರವಿಲ್ಲದ ಹೊತ್ತಿನಲ್ಲಿ, ಅಂದರೆ ಪಾವನಾ ಮಲಗಿದ್ದು ಉಳಿದವರು ಕೆಲಸಕ್ಕೆ ಹೋದ ಮೇಲೆ, ಕೈಗೆ ಕೆಲಸವಿಲ್ಲದೆ ಕಪಾಟು ತೆರೆದರು. ತೂತಿನ ಕಾಗದಗಳ ಕಟ್ಟು ಕೈಗೆ ಬಂತು. ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಅರ್ಧ ಗಂಟೆಯಲ್ಲಿ ಬೆನ್ನು ನೆಟ್ಟಗಾಯಿತು. ಒಂದು ಗಂಟೆಯಲ್ಲಿ ಹಸಿವಾಯಿತು. ತಣ್ಣಗಿನ ಮುದ್ದೆ ಮುರಿದು ತಿನ್ನುತ್ತಲೇ ಉಳಿದವನ್ನೂ, ಕುಂಕುಮದ ಕಾಗದವನ್ನೂ ಓದಿ ಮುಗಿಸಿದರು. ಊರು ಬೇರೆ, ದೇಶ ಬೇರೆ, ಶತಮಾನವೂ ಬೇರೆ. ಆದರೆ ಇವು ಬಿಲ್ಲುಗಳು! ಮೇಲೆ ಮಂಜೂರಾತಿ, ಕೆಳಗೆ ಅಧಿಕಾರಿಗಳ ಸಹಿ, ಬೆನ್ನಿಗೆ “ಹಣ ಮುಟ್ಟಿತು” ಎಂಬ ರಸೀದಿ.

ರಾತ್ರಿಯೂಟದಲ್ಲಿ ಪಾವನಾಳ ಮೂಲಕ ಹೇಳುವ ಪದ್ಧತಿಯನ್ನು ಅವರೇ ಮುರಿದರು.

“ಲಾವಣ್ಯಾ, ಕೇಳು. ನಾನು ಕುಂಕುಮ ಇಟ್ಟ ಕಾಗದ ಅಸಲಿ ಅಲ್ಲ. ನಕಲಿ.”

ಸಂದೀಪ ಸೌಟು ಕೆಳಗಿಟ್ಟ. “ಅಮ್ಮಾ, ಪ್ಲೀಸ್.”

“ದುಡ್ಡು ಕೊಟ್ಟಾದ ಮೇಲೆ ಖಜಾನೆಯೋರು ಮೊದಲು ಏನು ಮಾಡ್ತಾರೆ ಹೇಳು? ಬಿಲ್ಲನ್ನ ರದ್ದು ಮಾಡ್ತಾರೆ. ಇಲ್ಲದಿದ್ರೆ ನಾಳೆ ಅದೇ ಬಿಲ್ಲು ತಂದು ಇನ್ನೊಂದ್ಸಲ ದುಡ್ಡು ಎತ್ತುತಾರೆ. ನಾವು ಸೀಲು ಹೊಡೀತಿದ್ವಿ, ಸ್ಟ್ಯಾಂಪಿಗೆ ಪಂಚ್ ಹಾಕ್ತಿದ್ವಿ. ಆ ಕಾಲದೋರು ತೂತು ಹೊಡೆದಿದಾರೆ, ಚಾಕು ಹಾಕಿದಾರೆ. ನಿಮ್ಮ ವಾಷಿಂಗ್ಟನ್ ಬಿಲ್ಲಿನ ಬೆನ್ನಲ್ಲಿ ದುಡ್ಡು ಮುಟ್ಟಿತು ಅಂತ ಬರೆದಿದೆ. ಮುಂದೆ ತೂತೇ ಇಲ್ಲ! ಅಂಥ ಖಜಾಂಚಿ ಮಾರನೇ ದಿನ ಜೈಲಲ್ಲಿರ್ತಾನೆ.”

“ಮರೆತಿರಬಹುದು,” ಎಂದಳು ಲಾವಣ್ಯಾ. ಹನ್ನೊಂದು ದಿನದಲ್ಲಿ ಅತ್ತೆಗೆ ಅವಳು ಆಡಿದ ಮೊದಲ ಮಾತು.

“ಇಪ್ಪತ್ತೆರಡು ಸಲ ನೆನಪಿಟ್ಟು, ದೊಡ್ಡ ಮನುಷ್ಯನ ಬಿಲ್ಲಿಗೇ ಮರೆತನಾ? ಇನ್ನೂ ಕೇಳು. ಮುಂದಿನ ಸಹಿ, ಹಿಂದಿನ ರಸೀದಿ, ಎರಡರಲ್ಲೂ ಪೆನ್ನು ಎತ್ತಿರೋ ಜಾಗ ಒಂದೇ ಥರ. ಕೊಡೋನೂ ಅವನೇ, ತಗೊಳ್ಳೋನೂ ಅವನೇ. ಇಂಥೋರನ್ನ ನಾನು ಮಧುಗಿರೀಲಿ ಮೂರು ಸಲ ಹಿಡಿದಿದೀನಿ.”

“ಅತ್ತೆ, ಬೇಜಾರು ಮಾಡ್ಕೋಬೇಡಿ,” ಎಂದಳು ಲಾವಣ್ಯಾ, ಬೇಜಾರಾಗುವ ಹಾಗೆಯೇ. “ತಪ್ಪು ನಿಮ್ಮದು ಅಂತ ಒಪ್ಕೊಂಡ್ಬಿಟ್ರೆ ಇಷ್ಟು ಕತೆ ಬೇಕಾಗಿರ್ಲಿಲ್ಲ.”

ಪದ್ಮಿನಮ್ಮ ಎಡಗೈಯ ಎರಡು ಚಿನ್ನದ ಬಳೆ ತೆಗೆದು ಉಪ್ಪಿನಕಾಯಿ ಜಾಡಿಯ ಪಕ್ಕ ಇಟ್ಟರು.

“ಉಪ್ಸಾಲಾಗೆ ನನ್ನನ್ನೂ ಕರ್ಕೊಂಡು ಹೋಗಿ. ಆ ಯಮ್ಮ ಅಸಲಿ ಅಂದ್ರೆ ಈ ಬಳೆ ಮಾರಿ ಪಾವನಾ ಲೈಸೆನ್ಸ್ ಮಾಡಿಸಿ.”

ಶನಿವಾರ ರೋಲ್ಫ್ ತೂತಿನ ಕಾಗದಗಳನ್ನು ಒಯ್ಯಲು ಬಂದ. ಸಂದೀಪ ಫೋನಿನಲ್ಲಿ ಸಾವಿರದ ನೂರಕ್ಕೆ ಒಪ್ಪಿಬಿಟ್ಟಿದ್ದ. ಬಾಗಿಲಲ್ಲಿ ಪದ್ಮಿನಮ್ಮ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾಗದಗಳ ಕಟ್ಟು ಸೆರಗಿನೊಳಗೆ.

“ಅಜ್ಜಿ ಕೊಡಲ್ವಂತೆ,” ಎಂದು ಪಾವನಾ ಸ್ವೀಡಿಷ್‌ನಲ್ಲಿ ಹೇಳಿದಳು.

“ಆದರೆ ಮಾತಾಗಿದೆಯಲ್ಲ!”

“ಮಾತಿಗೆ ಸಹಿ ಎಲ್ಲಿ, ಸಾಕ್ಷಿ ಎಲ್ಲಿ ಅಂತ ಕೇಳ್ತಿದಾರೆ.”

ರೋಲ್ಫ್ ಇನ್ನೂ ಐನೂರು ಏರಿಸಿದ. ಪದ್ಮಿನಮ್ಮ ಬೆರಳೊಂದನ್ನು ಮೇಲೆತ್ತಿ, ಅವನ ಮುಖವನ್ನೇ ನೋಡುತ್ತ ಕೂತರು. ಆ ನೋಟಕ್ಕೆ ಮಧುಗಿರಿಯ ಬಿ.ಇ.ಓ. ಒಬ್ಬರು ಕೊಟ್ಟ ಬಿಲ್ಲನ್ನೇ ವಾಪಸು ಪಡೆದು ನಾಲ್ಕು ದಿನ ರಜೆ ಹಾಕಿದ್ದರು. ರೋಲ್ಫ್ ಯಾವ ಲೆಕ್ಕ. ಇಳಿದು ಹೋದ. ಸಂದೀಪ ತಲೆ ಹಿಡಿದುಕೊಂಡ. “ಇರೋ ಸಾವಿರದ ನೂರೂ ಹೋಯ್ತು. ಅಮ್ಮಾ, ನೀನು…” ಲಾವಣ್ಯಾ ಮಾತ್ರ ರೋಲ್ಫ್ ಹಾಳು ಕಾಗದಕ್ಕೆ ಯಾಕೆ ಐನೂರು ಏರಿಸಿದ ಎಂದು ಯೋಚಿಸುತ್ತ ನಿಂತಿದ್ದಳು.

ಇಪ್ಪತ್ತಾರರಂದು ನಾಲ್ವರೂ ರೈಲು ಹತ್ತಿದರು. ಪದ್ಮಿನಮ್ಮ ಇಳಕಲ್ ಸೀರೆ ಉಟ್ಟಿದ್ದರು. ಹಿಂದಿನ ಸಂಜೆ ಇಪ್ಪತ್ತೆರಡು ಕಾಗದಗಳನ್ನೂ ತಾವೇ ಜೋಡಿಸಿ, ಒಂದನ್ನು ಎಲ್ಲದರ ಮೇಲಿಟ್ಟಿದ್ದರು.

ಉಪ್ಸಾಲಾದ ತಜ್ಞೆಯ ಹೆಸರು ಮಾರ್ಗರೇತಾ. ಆರಡಿ ಎತ್ತರ, ಕೊರಳಿಗೆ ಸರದ ಬದಲು ಭೂತಗನ್ನಡಿ. ಕುಂಕುಮದ ಕಾಗದವನ್ನು ಮೊದಲು ತೆಗೆದುಕೊಂಡಳು. ಮಾರ್ಗರೇತಾ ಬೆಳಕಿಗೆ ಹಿಡಿದಳು, ತಿರುಗಿಸಿದಳು, ಮತ್ತೆ ತಿರುಗಿಸಿದಳು.

“ಈ ಕೆಂಪು ಏನು?”

“ಅಜ್ಜಿಯ ಸೀಲು,” ಎಂದಳು ಪಾವನಾ.

“ಕಾಗದ ಹಾಳಾಯಿತು ಅಂತ ದುಃಖ ಪಡಬೇಡಿ,” ಎಂದಳು ಮಾರ್ಗರೇತಾ. “ಇದು ನಕಲಿ. ಸುಮಾರು ನೂರು ವರ್ಷ ಆದಮೇಲೆ, ಸಹಿ ಸಂಗ್ರಹಿಸೋರಿಗೆ ಮಾರೋದಕ್ಕೆ ಯಾರೋ ಕೂತು ಬರೆದದ್ದು. ಎರಡೂ ಬದಿ ಒಂದೇ ಕೈ. ಮೇಲಾಗಿ, ಪಾವತಿಯಾದ ಆದೇಶ ಅಂದ್ರೆ ಅದಕ್ಕೆ ರದ್ದತಿಯ ತೂತು ಇರಬೇಕು.”

ಪಾವನಾ ಅದನ್ನು ಕನ್ನಡಕ್ಕೆ ತರಲು ಬಾಯಿ ತೆರೆದು, ಹಾಗೇ ಅಜ್ಜಿಯ ಭುಜ ತಬ್ಬಿಕೊಂಡಳು. ತರುವ ಅಗತ್ಯವಿರಲಿಲ್ಲ. ಲಾವಣ್ಯಾಳ ಮುಖದಲ್ಲೇ ಅನುವಾದವಾಗಿತ್ತು.

“ಎರಡು ಲಕ್ಷ ಹೋಯ್ತು,” ಎಂದ ಸಂದೀಪ, ನಗಬೇಕೋ ಅಳಬೇಕೋ ತಿಳಿಯದೆ.

“ಇಲ್ಲದೇ ಇದ್ದದ್ದು ಹೋಗೋದೆಲ್ಲಿಗೆ? ಕಟ್ಟು ಕೊಡೋ,” ಎಂದರು ಪದ್ಮಿನಮ್ಮ.

ಮಾರ್ಗರೇತಾ ಕಟ್ಟು ಬಿಚ್ಚಿದಳು. ಮೇಲಿನ ಕಾಗದ ನೋಡಿದವಳು ಕುರ್ಚಿಯನ್ನು ಮೇಜಿಗೆ ಎಳೆದುಕೊಂಡಳು. ಐದು ನಿಮಿಷ ಉಸಿರಾಡಲಿಲ್ಲ. ಬೇರೆಯವರಾಗಿದ್ದರೆ ಸತ್ತೇ ಹೋಗುತ್ತಿದ್ದರು.

“ಇದನ್ನ ಮೇಲಿಟ್ಟದ್ದು ಯಾರು?”

“ಅಜ್ಜಿ.”

“ಯಾಕೆ ಅಂತ ಕೇಳು.”

ಆ ಕಾಗದದ ಬೆನ್ನಿನಲ್ಲಿ ಸಹಿಯಿರಲಿಲ್ಲ. ಒಂದು ಅಡ್ಡಗೆರೆ, ಅದರ ಮೇಲೊಂದು ಓರೆಗೆರೆ. ಪಕ್ಕದಲ್ಲಿ ‘ಟೋಬಿ ಫ್ರೀಡಂ, ಅವನ ಗುರುತು’ ಎಂದು ಬೇರೆಯವರ ಅಕ್ಷರ. ಮುಂಭಾಗದಲ್ಲಿ, ಕಪ್ಪು ಸೈನಿಕ, ಹದಿನಾಲ್ಕು ತಿಂಗಳ ಸಂಬಳ ಎಂದಿತ್ತು.

“ಇದು ಹೆಬ್ಬೆಟ್ಟಿನ ಬಿಲ್ಲು,” ಎಂದರು ಪದ್ಮಿನಮ್ಮ. “ಓದು ಬರಹ ಇಲ್ಲದೋನು ತಾನೇ ಬಂದು ದುಡ್ಡು ತಗೊಂಡಿದಾನೆ. ನೋಡು, ಕೈ ನಡುಗಿಲ್ಲ, ಮುದ್ದಾಂ ಒತ್ತಿ ಎಳೆದಿದಾನೆ. ಪಿಂಚಣಿ ದಿನ ಹೆಬ್ಬೆಟ್ಟಿನೋರು ಬಂದ್ರೆ ನಾನು ಅವರದ್ದೇ ಮೊದಲು ಪಾಸು ಮಾಡ್ತಿದ್ದೆ. ಸಹಿ ಮಾಡೋರು ಕಾದ್ರೆ ನಷ್ಟ ಏನಿಲ್ಲ.”

ಪಾವನಾ ಒಂದಕ್ಷರ ಬಿಡದೆ ಹೇಳಿದಳು. ಮಾರ್ಗರೇತಾ ಕನ್ನಡಕ ತೆಗೆದು ಪದ್ಮಿನಮ್ಮನವರನ್ನು ನೋಡುತ್ತ ವಿವರಿಸಿದಳು. ಆ ಯುದ್ಧದಲ್ಲಿ ಕೆಲವು ಗುಲಾಮರು ಸೈನ್ಯ ಸೇರಿ ಸ್ವತಂತ್ರರಾದರು. ಫ್ರೀಡಂ ಎಂಬುದು ಬಹುಶಃ ಆ ಮನುಷ್ಯ ತಾನೇ ಆರಿಸಿಕೊಂಡ ಹೆಸರು. ಅಂಥವರು ಸಂಬಳ ಪಡೆದ ಕಾಗದಕ್ಕೆ ವಸ್ತುಸಂಗ್ರಹಾಲಯಗಳು ಕಾದು ಕೂತಿವೆ. ಇದೊಂದಕ್ಕೇ ಅರವತ್ತು ಸಾವಿರ ಕ್ರೋನಾದಿಂದ ಹರಾಜು ಶುರು. ಉಳಿದ ಇಪ್ಪತ್ತೊಂದೂ ಅಸಲಿ, ಸೇರಿ ಇನ್ನೊಂದು ಅರವತ್ತು. “ಆ ತೂತುಗಳೇ ಇವುಗಳ ಜನ್ಮಪತ್ರ,” ಎಂದಳು. ಆಮೇಲೆ ಒಂದು ಕಡತ ತಂದು ಮೆಲ್ಲಗೆ ಕೇಳಿದಳು: “ನನ್ನ ಹತ್ರ ಇನ್ನೂ ಕೆಲವು ಅನುಮಾನದ ಸಹಿಗಳಿವೆ. ಇವರು ಸ್ವಲ್ಪ ನೋಡಬಹುದಾ?”

“ಮೊದಲು ಕಾಫಿ ತರಿಸು ಅನ್ನು,” ಎಂದರು ಪದ್ಮಿನಮ್ಮ.

ಕಾಫಿ ಬಂತು, ದಾಲ್ಚಿನ್ನಿ ಬನ್ನು ಬಂತು, ಮೂರು ನಕಲಿ ಸಹಿ ಸಿಕ್ಕಿಬಿದ್ದವು. ಮಾರ್ಗರೇತಾ ಜೆರಾಕ್ಸ್ ಮಾಡಿಸಲು ಎದ್ದು ಹೋದಾಗ ಲಾವಣ್ಯಾ ಕುರ್ಚಿ ಹತ್ತಿರ ಎಳೆದಳು. ಕೈಚೀಲದಿಂದ ಬಳೆ ತೆಗೆದು ಅತ್ತೆಯ ಕೈಗೆ ತಾನೇ ಏರಿಸಿದಳು.

“ನಾನು ಹಂಗೆ ಮಾತಾಡಬಾರ್ದಿತ್ತು ಅತ್ತೆ.”

“ನಾನೂ ಕೇಳ್ದೆ ನಿನ್ನ ಕಪಾಟಿಗೆ ಕೈ ಹಾಕಬಾರ್ದಿತ್ತು. ಅದು ಹೋಗ್ಲಿ. ಇಡೀ ಹರಾಜಿನಲ್ಲಿ ಆ ಪೆಟ್ಟಿಗೇನೇ ಯಾಕೆ ಹಿಡಿದೆ ನೀನು?”

“ಗೊತ್ತಿಲ್ಲ. ಎಲ್ಲರೂ ಬೆಳ್ಳಿ ಚಮಚ ನೋಡ್ತಿದ್ರು. ಇದನ್ನ ಮಾತ್ರ ಯಾರೋ ತುಂಬಾ ಜೋಪಾನವಾಗಿ ಕಟ್ಟಿಟ್ಟಿದ್ರು.”

“ಅದಕ್ಕೂ ಕಣ್ಣು ಬೇಕು ಕಣೇ. ಖಜಾನೇಲಿ ಇದ್ದಿದ್ರೆ ನನ್ನ ಪಕ್ಕದ ಸೀಟು ನಿಂಗೇ.”

ವಾಪಸು ರೈಲಿನಲ್ಲಿ ಸಂದೀಪ ಸೀಟಿಗೆ ಕೂರುವ ಮೊದಲೇ ರಾಮಮೂರ್ತಿಯವರಿಗೆ ಫೋನು ಹಚ್ಚಿದ. ಆ ಬೋಗಿಯಲ್ಲಿ ಪಿಸುಗುಟ್ಟುವುದೂ ನಿಷೇಧ. ಗೋಡೆಯ ಮೇಲೆ ಬೆರಳು ತುಟಿಗಿಟ್ಟ ಚಿತ್ರವಿತ್ತು. ಸಂದೀಪನ ದನಿಗೆ ಚಿತ್ರದಲ್ಲಿದ್ದವನೇ ಬೆರಳು ತೆಗೆದು ಕಿವಿ ಮುಚ್ಚಿಕೊಳ್ಳಬೇಕಿತ್ತು.

“ಹೌದು ಸಾರ್, ಅಮ್ಮನೇ! ತಜ್ಞೆ ಎದ್ದು ನಿಂತುಬಿಟ್ಳು ಸಾರ್! ಒಟ್ಟು ಎಷ್ಟಾ? ಒಂದು ಲಕ್ಷದ ಇಪ್ಪತ್ತು ಸಾವಿರದಿಂದ ಶುರು ಅಂತೆ.”

“ಪಿಸಿನಾರಿ,” ಎಂದರು ಪದ್ಮಿನಮ್ಮ ಬನ್ನಿನ ಸಕ್ಕರೆ ಒರೆಸಿಕೊಳ್ಳುತ್ತ. “ರಾಮಮೂರ್ತಿಯೋರಿಗೆ ಎರಡು ಲಕ್ಷ ಅಂತ ಹೇಳೋ.”

“ಅಮ್ಮಾ, ಸುಳ್ಳು ಹೇಳಕ್ಕಾಗುತ್ತಾ?”

ಲಾವಣ್ಯಾ ಕೈ ಚಾಚಿ ಗಂಡನ ಫೋನು ಕಸಿದುಕೊಂಡಳು.

“ಅಂಕಲ್, ನಾನು ಲಾವಣ್ಯಾ. ಇವ್ರಿಗೆ ಲೆಕ್ಕ ಬರಲ್ಲ. ಮೂರು ಲಕ್ಷ. ಹ್ಞೂ, ಮೂರು. ನಮ್ಮತ್ತೆ ಕಿಟಕಿ ಬೆಳಕಲ್ಲಿ ಒಂದು ಸಲ ನೋಡಿದ್ರು, ಅಷ್ಟೇ!”